ಇಲ್ಲದ ರೋಗಕ್ಕೊಂದು ಗುಳಿಗೆ

ನಮ್ಮವರು ನನ್ನ ಮಾತಿಗೆ ಹೌದು ಅಂದರು. ಕಾಯಿಲೆ ಶುರುವಾದದ್ದು ಹಾಗೆ.

ಈ ಸಲ ಹಾಲ್‌ಗೆ ನೀಲಿ ಬಣ್ಣ ಹೊಡೆಸೋಣ ಅಂದಿದ್ದೆ, ಅಷ್ಟೇ. ಬೇರೆ ದಿನವಾಗಿದ್ದರೆ ನೀಲಿಯೇ ಯಾಕೆ, ನೀಲಿ ತಂಪು ಅಂತ ಹೇಳಿದವರು ಯಾರು, ಬಣ್ಣಕ್ಕೂ ಮನಸ್ಸಿಗೂ ನಂಟಿದೆ ಅನ್ನುವುದು ಬಣ್ಣ ಮಾರುವವರು ಹುಟ್ಟಿಸಿದ ಮಾತಲ್ಲವೇ ಎಂದು ಊಟದ ಹೊತ್ತಿನವರೆಗೂ ಚರ್ಚೆ ನಡೆಯಬೇಕಿತ್ತು. ಅಂದು ಅವರು ಕುರ್ಚಿಯಿಂದ ತಲೆ ಎತ್ತದೆ, "ಹೂಂ, ಹೊಡಸು," ಅಂದರು. ನನಗೆ ಖುಷಿಯೇ ಆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಗೆದ್ದಿದ್ದೆ.

ಮರುದಿನ ಹಸಿರು ಅಂದೆ. ಅದಕ್ಕೂ ಹೂಂ ಅಂದರು.

ಆಗ ಹೆದರಿಕೆಯಾಯಿತು.

ನಮ್ಮವರು ಯಾರು ಅಂತ ಹೇಳದೆ ಈ ಹೆದರಿಕೆ ಅರ್ಥವಾಗುವುದಿಲ್ಲ. ಹೆಸರು ಶರಣಪ್ಪ. ರಾಯಚೂರು ಕಡೆಯವರು. ಹೈದರಾಬಾದಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಗಿರಿಜಾ, ರೈಲ್ವೆಯ ಲೆಕ್ಕಪತ್ರ ಕಚೇರಿಯಲ್ಲಿದ್ದು ನಿವೃತ್ತಳಾದವಳು. ಮಲ್ಕಾಜ್‌ಗಿರಿಯಲ್ಲಿ ಸ್ಟೇಷನ್ನಿನ ಸಪ್ಪಳ ಕೇಳುವಷ್ಟು ಹತ್ತಿರದಲ್ಲಿ ನಮ್ಮ ಮನೆ. ನಮ್ಮವರು ಜೀವಮಾನವಿಡೀ ಕಲಿಸಿದ್ದು ಮನಃಶಾಸ್ತ್ರವಾದರೂ, ಹೋರಾಡಿದ್ದು ಮನೋವೈದ್ಯರ ವಿರುದ್ಧ. ಅವರ ಪ್ರಕಾರ ಮನಸ್ಸಿಗೆ ರೋಗ ಬರುವುದಿಲ್ಲ, ಮನುಷ್ಯನಿಗೆ ಕಷ್ಟ ಬರುತ್ತದೆ. ಆ ಕಷ್ಟಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟು, ಹೆಸರಿಗೊಂದು ಗುಳಿಗೆ ಬರೆದು, ಕಷ್ಟ ಕೊಟ್ಟವರನ್ನು ಮಾತ್ರ ಆರಾಮಾಗಿ ಮನೆಗೆ ಕಳಿಸುವುದಕ್ಕೆ ಸೈಕಿಯಾಟ್ರಿ ಅನ್ನುತ್ತಾರೆ. "ರೋಗ ಅಂತೀರಲ್ಲಾ, ರಕ್ತದಾಗ ತೋರಸ್ರಿ," ಎಂದು ಅವರು ಎಷ್ಟು ಸಭೆಗಳಲ್ಲಿ ಎಷ್ಟು ಡಾಕ್ಟರುಗಳ ಬಾಯಿ ಮುಚ್ಚಿಸಿದ್ದಾರೋ ಲೆಕ್ಕವಿಲ್ಲ.

ಬರೀ ಬಾಯಿಮಾತಲ್ಲ ಅದು. ನಮ್ಮ ಓಣಿಯ ಒಬ್ಬ ಸೊಸೆ ಕೂಗಾಡುತ್ತಾಳೆಂದು ಮನೆಯವರು ಆಕೆಯನ್ನು ಹುಚ್ಚರ ಸಾಲಿಗೆ ಸೇರಿಸಿ ಯಾವುದೋ ಆಸ್ಪತ್ರೆಗೆ ಒಯ್ದು ಬಿಟ್ಟಿದ್ದರು. ನಮ್ಮವರು ಅಲ್ಲಿಗೇ ಹೋಗಿ, ಆಕೆಯ ಎದುರು ಕೂತು, ಯಾಕೆ ಕೂಗುತ್ತೀಯಮ್ಮಾ ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಕೂಗುವುದಕ್ಕೆ ಆ ಮನೆಯಲ್ಲಿ ಬೇಕಾದಷ್ಟು ಕಾರಣಗಳಿದ್ದವು. ಈಗ ಆಕೆ ತವರಿನಲ್ಲಿ ಬ್ಲೌಸ್ ಹೊಲಿದುಕೊಂಡು ಚೆನ್ನಾಗಿದ್ದಾಳೆ. ಹಾಗಾಗಿ ನಾನು ಗಂಡನ ಸಿದ್ಧಾಂತವನ್ನು ಗೇಲಿ ಮಾಡಿದ್ದುಂಟು, ಅಲ್ಲಗಳೆದದ್ದಿಲ್ಲ.

ಪ್ರತಿ ಭಾನುವಾರ ನಮ್ಮ ಹಾಲ್‌ನಲ್ಲಿ ಅವರ ಕೂಟ ಸೇರುತ್ತಿತ್ತು. ಹತ್ತು ಹನ್ನೆರಡು ಜನ. ಮನೋರೋಗ ಎಂಬುದು ಇಲ್ಲ ಎಂದು ಮೂರು ತಾಸು ಮಾತಾಡಿ, ಎರಡು ಸಲ ಚಹಾ ಕುಡಿದು ಹೋಗುವರು. ಅವರಲ್ಲಿ ಮುಖ್ಯರು ಇಬ್ಬರು. ಒಬ್ಬ ಇಲಿಯಾಸ್, ಕಲಬುರಗಿಯವನು, ನಮ್ಮವರ ಶಿಷ್ಯ, ಕೋಠಿಯಲ್ಲಿ ಕೌನ್ಸೆಲಿಂಗ್ ಮಾಡುತ್ತಾನೆ. ಅವನ ಕೋಣೆ ಇರುವುದು ಔಷಧದ ಹೋಲ್‌ಸೇಲ್ ಅಂಗಡಿಯ ಮೇಲ್ಮಾಳಿಗೆಯಲ್ಲಿ. ಕೆಳಗೆ ಗುಳಿಗೆ ಮಾರುತ್ತಾರೆ, ಮೇಲೆ ಇಲಿಯಾಸ್ ಗುಳಿಗೆ ಬೇಡ ಅನ್ನುತ್ತಾನೆ. ಇಬ್ಬರ ಕಸುಬೂ ನಡೆಯುತ್ತದೆ. ಇನ್ನೊಬ್ಬರು ಕುಲಕರ್ಣಿ. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳನ್ನು ತಪಾಸಣೆ ಮಾಡುತ್ತಿದ್ದವರು. ಯಾವ ದೋಷಕ್ಕೂ ಒಂದು ಮೂಲಕಾರಣ ಇದ್ದೇ ಇರುತ್ತದೆ ಎಂದು ನಂಬಿದವರು.

ಇಂಥ ಮನೆಯಲ್ಲಿ ಯಜಮಾನನೇ ಮಂಕಾದರೆ ಏನೆಂದು ಕರೆಯಬೇಕು? ಆ ಪದ ನಮ್ಮ ಮನೆಯಲ್ಲಿ ನಿಷಿದ್ಧ.

ಮುಂದೆ ಆ ಹೂಂ ಕೂಡ ಸಣ್ಣದಾಯಿತು. ಹೂಂ ನಿಂತು ಬರೀ ತಲೆಯಾಡಿಸುವುದಾಯಿತು. ಪೇಪರ್ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು, ಅದನ್ನು ಏನು ಮಾಡಬೇಕೆಂದು ಮರೆತವರ ಹಾಗೆ ಕೂರುತ್ತಿದ್ದರು. ಬೆಳಗಿನ ಜಾವ ಎದ್ದು ಕೂತಿರುತ್ತಿದ್ದರು. ಸ್ನಾನಕ್ಕೆ ನೀರು ಕಾದು ಆರಿ ಮತ್ತೆ ಕಾಯಬೇಕು. ಉಣ್ಣಿ ಅಂದರೆ ಉಂಡೆ ಅನ್ನುವರು. ಉಂಡಿರುತ್ತಿರಲಿಲ್ಲ.

ಭಾನುವಾರ ಕೂಟದವರು ಬಂದರು. ನಮ್ಮವರು ತಮ್ಮ ಕುರ್ಚಿಯಲ್ಲಿ ಕೂತರು. ಮಾತಾಡಲಿಲ್ಲ. ಒಂದು ತಾಸಾಯಿತು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ನಾನು ಚಹಾದ ಟ್ರೇ ಹಿಡಿದು ಬಂದಾಗ ಕುಲಕರ್ಣಿ ಪಿಸುಗುಟ್ಟಿದರು.

"ಸರ್ ಇವತ್ತ ಮೌನದಾಗ ಪಾಠ ಮಾಡಾಕತ್ತಾರ್ರಿ ವೈನಿ. ಎಂಥಾ ವಿಧಾನ!"

ಮುಂದಿನ ಭಾನುವಾರವೂ ಅದೇ ವಿಧಾನ. ಮೂರನೆಯ ವಾರ ಒಬ್ಬಿಬ್ಬರಿಗೆ ಸಂಶಯ ಬಂತು. ನಮ್ಮವರು ಎದ್ದು ಒಳಗೆ ಹೋಗಿ ಮಲಗಿದ ಮೇಲೆ ಚರ್ಚೆ ಶುರುವಾಯಿತು. ಡಿಪ್ರೆಶನ್ ಅನ್ನುವ ಹಾಗಿಲ್ಲ, ಅದು ಹಣೆಪಟ್ಟಿ. ಕಾಯಿಲೆ ಅನ್ನುವ ಹಾಗಿಲ್ಲ, ಅದು ಇಲ್ಲವೇ ಇಲ್ಲ. ಒಬ್ಬರು ಅಸ್ತಿತ್ವದ ಬಿಕ್ಕಟ್ಟು ಅಂದರು. ಇನ್ನೊಬ್ಬರು ನಿವೃತ್ತಿಯ ಶೂನ್ಯ ಅಂದರು. ನಿವೃತ್ತಿಯಾಗಿ ಬಹಳ ವರ್ಷವಾಯಿತಲ್ಲ, ಶೂನ್ಯ ಇಷ್ಟು ತಡವಾಗಿ ಬರುತ್ತದೆಯೇ ಎಂದು ಮತ್ತೊಬ್ಬರು. ಕುಲಕರ್ಣಿ ಮಾತ್ರ ದೃಢವಾಗಿ, ಮನುಷ್ಯ ಸುಮ್ಮನೆ ಕುಗ್ಗುವುದಿಲ್ಲ, ಅವನ ಪರಿಸರದಲ್ಲಿ ಏನೋ ಒತ್ತುತ್ತಿರುತ್ತದೆ ಎಂದು ಹೇಳಿ, ಪರಿಸರವನ್ನು ಹುಡುಕಿಕೊಂಡು ಅಡಿಗೆಮನೆಗೆ ಬಂದರು.

"ವೈನಿ, ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಸರ್‌ಗೆ ಮನಬಿಚ್ಚಿ ಮಾತಾಡಾಕ ಅವಕಾಶ ಸಿಗ್ತದೇನ್ರಿ?"

"ಸಿಗ್ತದ್ರಿ. ಇಷ್ಟು ವರ್ಷ ಅವರಿಗೊಬ್ಬರಿಗೇ ಸಿಕ್ಕೈತಿ," ಅಂದೆ.

"ಅವರ ಮಾತಿಗೆ ನೀವು ಎದುರಾಡ್ತೀರೇನು?"

"ಎದುರಾಡದಿದ್ರ ಅವರಿಗೆ ಊಟ ಸೇರಂಗಿಲ್ಲ್ರಿ."

ಅವರು ಗಂಭೀರವಾಗಿ ತಲೆಯಾಡಿಸಿ ಹಾಲ್‌ಗೆ ಮರಳಿದರು. ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನ ಆಚೆಯಿಂದ "ದಾಂಪತ್ಯದೊಳಗಿನ ಅಧಿಕಾರ" ಎಂಬ ಮಾತು ಕೇಳಿಸಿತು. ನಮ್ಮವರ ದುಃಖಕ್ಕೆ ಕಾರಣ ನಾನೇ ಎಂದು ತೀರ್ಮಾನವಾಗಿತ್ತು. ತೀರ್ಮಾನವಾದ ಮೇಲೆ ಎರಡನೆಯ ಸಲದ ಚಹಾ ಕೇಳಿದರು. ಅದನ್ನೂ ಕಾರಣವೇ ಮಾಡಿಕೊಡಬೇಕಾಯಿತು.

ನಾನು ನಕ್ಕೆ ಅಂತಲ್ಲ. ಅಂದು ಒಲೆಯ ಮುಂದೆ ನಿಂತು, ಇರಬಹುದೇನೋ ಎಂದು ನಿಜವಾಗಿಯೂ ಯೋಚಿಸಿದೆ. ಹತ್ತಿರದವರು ಕುಗ್ಗಿದಾಗ ಮನೆಯಲ್ಲಿರುವವರು ಮೊದಲು ಹುಡುಕುವುದು ತಮ್ಮದೇ ತಪ್ಪನ್ನು. ಯಾವ ಮಾತು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ನಾನು ಹಳೆಯದನ್ನೆಲ್ಲ ಕೆದಕಿದೆ. ಸಿಕ್ಕಿದ್ದೆಲ್ಲ ಸಣ್ಣಪುಟ್ಟದ್ದೇ. ಹೊರಗೆ ಅವರು ಮಾಡುತ್ತಿದ್ದ ವಿಚಾರಣೆಯನ್ನೇ ನಾನು ಒಳಗೆ ಮಾಡಿಕೊಳ್ಳುತ್ತಿದ್ದೆ.

ಸುದ್ದಿ ಹೇಗೋ ಊರು ಮುಟ್ಟಿತು. ನಮ್ಮವರ ಅಕ್ಕ, ನೀಲಮ್ಮ, ಲಿಂಗಸೂಗೂರಿನಿಂದ ಬಂದಿಳಿದರು. ಬಂದವರೇ ತಮ್ಮನ ಮುಖ ಎತ್ತಿ ನೋಡಿ, "ದೃಷ್ಟಿ ಆಗೈತಿ. ಅಷ್ಟು ಮಂದಿ ಮುಂದ ಅಷ್ಟು ಮಾತಾಡಿದ್ರ ಆಗದ ಏನ ಮಾಡ್ತೈತಿ?" ಅಂದರು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಕೆಂಡಕ್ಕೆ ಹಾಕಿದರು.

ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಅದು ನಮ್ಮ ಕಡೆಯ ನಂಬಿಕೆ. ಅಂದು ಬಂದ ಘಾಟಿಗೆ ನಾನು ಕೆಮ್ಮಿದೆ, ಅಕ್ಕ ಕೆಮ್ಮಿದರು, ಮೇಲಿನ ಮನೆಯ ತೆಲುಗಿನವರು ಕೆಮ್ಮುತ್ತ ಇಳಿದು ಬಂದು ಏನಾಯಿತು ಎಂದು ಕೇಳಿದರು. ಕೆಮ್ಮದೆ ಕೂತವರು ನಮ್ಮವರೊಬ್ಬರೇ. ಹೊಗೆಯ ನಡುವೆ ಸುಮ್ಮನೆ ಕಣ್ಣೊರೆಸಿಕೊಂಡರು.

ಅಕ್ಕ ಕಿಟಕಿ ತೆರೆದರು. ನನ್ನನ್ನು ಪಕ್ಕಕ್ಕೆ ಕರೆದರು.

"ದೃಷ್ಟಿ ಅಲ್ಲ ಇದು, ಗಿರಿಜಾ. ಆಗಿದ್ರ ಇಷ್ಟು ಘಾಟ ಬರ್ತಿದ್ದಿಲ್ಲ. ಡಾಕ್ಟರ್‌ಗೆ ತೋರಸು."

"ಯಾವ ಡಾಕ್ಟರ್‌ಗೆ, ಅಕ್ಕಾರ? ಅಂಥ ಡಾಕ್ಟರನ್ನೆಲ್ಲಾ ಇವರು ಬೈದು ಇಟ್ಟಾರ."

"ಬೈಸ್ಕೊಂಡವರು ಔಷಧ ಕೊಡಂಗಿಲ್ಲೇನು?"

ನಮ್ಮ ಮನೆಯಲ್ಲಿ ಪರೀಕ್ಷೆ ಮಾಡಿ, ಫಲಿತಾಂಶ ನೋಡಿ, ತಮ್ಮ ಮೊದಲಿನ ಅಭಿಪ್ರಾಯವನ್ನು ಕೈಬಿಟ್ಟವರು ಅಲ್ಲಿಯವರೆಗೆ ಅಕ್ಕ ಒಬ್ಬರೇ. ಆದರೂ ನಾನು ತಡ ಮಾಡಿದೆ. ಇವರಿಗೆ ತಿಳಿದರೆ ಏನಂದಾರು, ಕೂಟದವರು ಏನಂದಾರು, ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾಯಿತೇ ಎಂದು ಜನ ನಕ್ಕರೆ?

ಒಂದು ಬೆಳಿಗ್ಗೆ ಹಾಲ್‌ನಲ್ಲಿ ಕೂತು ಚವಳಿಕಾಯಿ ಹೆಚ್ಚುತ್ತಿದ್ದೆ. ಅವರು ಎದುರಿಗಿದ್ದರು. ಹಾಲಿನವನು ಬಂದ ಅನ್ನುವಷ್ಟೇ ಸಹಜ ದನಿಯಲ್ಲಿ ಮಾತು ಬಂತು.

"ನಾ ಇಲ್ಲದಿದ್ರ ನಿನಗ ಹಗುರ ಆಗ್ತೈತಿ, ಗಿರಿಜಾ."

ಎದ್ದು ಅಡಿಗೆಮನೆಗೆ ಹೋದೆ. ಚವಳಿಕಾಯಿ ಅಲ್ಲೇ ಬಿಟ್ಟೆ. ಚಾಕು ಒಯ್ದೆ.

ಅದನ್ನು ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅಕ್ಕನನ್ನು ಅವರ ಹತ್ತಿರ ಕೂರಿಸಿ ಇಲಿಯಾಸ್‌ಗೆ ಫೋನ್ ಮಾಡಿದೆ. ಯಾರನ್ನೂ ಮನೋವೈದ್ಯರ ಬಳಿ ಕಳಿಸದ ಮನುಷ್ಯ ಅವನು. ಅವನ ಸಿಟ್ಟಿಗೆ ಸಿದ್ಧಳಾಗಿಯೇ ಮಾತಾಡಿದೆ.

"ಇಲಿಯಾಸ್, ನಿಮ್ಮ ಸಿದ್ಧಾಂತ ಏನ ಹೇಳ್ತೈತೋ ನನಗ ಗೊತ್ತಿಲ್ಲ. ಇವರು ಹಿಂಗಂದ್ರು." ಅಂದದ್ದನ್ನು ಹೇಳಿದೆ.

ಆ ಕಡೆಯಿಂದ ಕೋಠಿಯ ಬಸ್ಸುಗಳ ಹಾರ್ನ್ ನಡುವೆ ಅವನ ದನಿ ಬಂತು.

"ವೈನಿ, ನೀವು ಅವರ ಬಾಜೂಕೇ ಕುಂದರ್ರಿ. ಎಲ್ಲೂ ಏಳಬ್ಯಾಡ್ರಿ. ನಾ ಆಟೋ ತಗೊಂಡು ಬರಾಕತ್ತೀನಿ. ಸಿದ್ಧಾಂತ ಆಮ್ಯಾಲೆ ನೋಡೋಣು."

ಸಿಕಂದರಾಬಾದ್ ಕಡೆಯ ಆ ಆಸ್ಪತ್ರೆಯಲ್ಲಿ ಸೈಕಿಯಾಟ್ರಿ ಇದ್ದದ್ದು ಕಾರಿಡಾರಿನ ತುದಿಯಲ್ಲಿ, ಹಲ್ಲಿನ ವಿಭಾಗ ದಾಟಿದ ಮೇಲೆ. ನಮ್ಮವರು ಬೋರ್ಡಿನ ಮುಂದೆ ನಿಂತರು. ಈಗ ಗುಡುಗುತ್ತಾರೆ, ತಿರುಗಿ ನಡೆಯುತ್ತಾರೆ ಎಂದು ನಾನು ಅವರ ತೋಳು ಹಿಡಿದೆ. ಅವರು ಬೋರ್ಡನ್ನು ಪೂರ್ತಿ ಓದಿ ಒಳಗೆ ಹೋಗಿ ಕೂತರು. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಒಂದು ಮಾತೂ ಬೈಯದೆ ಆ ಬಾಗಿಲು ದಾಟಿದ ಗಂಡನನ್ನು ನೋಡಿ ನನ್ನ ಜೀವ ಬಾಯಿಗೆ ಬಂತು.

ಇಲಿಯಾಸ್ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಅದರ ಮೇಲೆ ಪೇಪರ್ ಹಿಡಿದು, ಮೂಲೆಯಲ್ಲಿ ಕೂತ. ಪ್ರಯೋಜನವಾಗಲಿಲ್ಲ. ಒಳಗಿನಿಂದ ಬಂದ ನರ್ಸ್ ನೇರವಾಗಿ ಅವನ ಎದುರು ನಿಂತು, "ಇಲಿಯಾಸ್ ಸಾರ್! ಮೀರೇಂಟಿ ಇಕ್ಕಡ?" ಎಂದು ತೆಲುಗಿನಲ್ಲಿ ಕೂಗಿದಳು. ಇವನು ಇಲ್ಲೇನು ಮಾಡುತ್ತಿದ್ದಾನೆಂದು ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಟೀವಿಯಲ್ಲಿ ಇವನು ಆಸ್ಪತ್ರೆಗಳನ್ನು ಬೈದದ್ದನ್ನು ಆಕೆ ನೋಡಿದ್ದಳಂತೆ. ಚೆನ್ನಾಗಿ ಮಾತಾಡಿದಿರಿ ಎಂದು ಹೊಗಳಿ ಹೋದಳು.

ಒಳಗೆ ಡಾಕ್ಟರನ್ನು ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಡಾ. ಸ್ವಪ್ನಾ. ಹಿಂದೆ ಒಂದು ಸಭೆಯಲ್ಲಿ ನಮ್ಮವರು ವೇದಿಕೆಯ ಮೇಲೆ, "ಹೆಸರೇ ಸ್ವಪ್ನಾ, ಇವರಿಂದ ವಾಸ್ತವ ಎಲ್ಲಿ ನಿರೀಕ್ಷೆ ಮಾಡೋಣು?" ಎಂದು ಸಭೆಯನ್ನೆಲ್ಲ ನಗಿಸಿದ್ದು ಇವರನ್ನೇ ಕುರಿತು.

ಅವರು ನಮ್ಮವರನ್ನು ನೋಡಿ ಎದ್ದು ನಿಂತರು. "ಬರ್ರಿ ಸರ್. ಕುಂದರ್ರಿ." ಮನೆಮಾತು ತೆಲುಗು, ಓದಿದ್ದು ಧಾರವಾಡದಲ್ಲಿ, ಕನ್ನಡ ನಮ್ಮದೇ ಕಡೆಯದು.

ಅವರು ಮೊದಲು ನಿದ್ದೆ ಕೇಳಿದರು. ಊಟ ಕೇಳಿದರು. ಆಮೇಲೆ, ನಾನು ಇಡೀ ದಾರಿ ಮನಸ್ಸಿನಲ್ಲೂ ಉಚ್ಚರಿಸಲು ಹೆದರಿದ್ದನ್ನು ಅದೇ ದನಿಯಲ್ಲಿ ಕೇಳಿದರು.

"ಸಾಯಬೇಕು ಅಂತ ಅನಸ್ತದೇನ್ರಿ ಸರ್?"

"ಸಾಯಬೇಕು ಅಂತಲ್ಲ. ಇದ್ದದ್ದು ಸಾಕು ಅಂತ."

"ಹೆಂಗ ಮಾಡ್ಕೋಬೇಕು ಅಂತ ವಿಚಾರ ಮಾಡೀರೇನು?"

"ಇಲ್ಲವ್ವಾ. ಅಷ್ಟು ಹುರುಪು ಎಲ್ಲೈತಿ?"

ನಮ್ಮ ಜೊತೆ ಒಳಗೆ ಬಂದಿದ್ದ ಇಲಿಯಾಸ್ ಗೋಡೆಯ ಕಡೆ ತಿರುಗಿದ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಡಾಕ್ಟರ್ ರಕ್ತ ಪರೀಕ್ಷೆ ಬರೆದರು. ಕೆಲವು ಸಲ ಥೈರಾಯ್ಡ್ ಏರುಪೇರಾದರೂ ಹೀಗಾಗುತ್ತದಂತೆ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಔಷಧವೆಲ್ಲ ನಿಮ್ಮ ಕೈಯಲ್ಲಿರಲಿ, ಏನೇ ಅನ್ನಿಸಿದರೂ ಕೂಡಲೇ ಫೋನ್ ಮಾಡಿ ಎಂದು ನನಗೆ ಹೇಳಿದರು. ಎರಡು ದಿನ ಬಿಟ್ಟು ರಿಪೋರ್ಟ್ ಹಿಡಿದು ಮತ್ತೆ ಹೋದೆವು. ಅವರು ಹಾಳೆ ತಿರುವಿದರು.

"ಎಲ್ಲಾ ನಾರ್ಮಲ್ ಐತ್ರಿ ಸರ್. ಥೈರಾಯ್ಡ್, ಬಿ-ಟ್ವೆಲ್ವ್, ಶುಗರ್, ಎಲ್ಲಾ."

ನಮ್ಮವರು ತಲೆ ಎತ್ತಿದರು. "ರಕ್ತದಾಗ ಏನೂ ಸಿಗಲಿಲ್ಲ?"

"ಸಿಗಲಿಲ್ಲ."

"ನಾ ಹೇಳಿದ್ದೆ."

ಎಷ್ಟೋ ವಾರಗಳ ಮೇಲೆ ಅವರ ಬಾಯಿಂದ ಬಂದ ಮೊದಲ ವಾದ. ಡಾಕ್ಟರ್ ನಕ್ಕುಬಿಟ್ಟರು.

"ಹೌದ್ರಿ ಸರ್, ಹೇಳಿದ್ರಿ. ನೀವು ಗೆದ್ರಿ. ನಿನ್ನೆ ಏನ ಊಟ ಮಾಡಿದ್ರಿ?"

ಅವರು ನನ್ನ ಮುಖ ನೋಡಿದರು. ನೆನಪಿರಲಿಲ್ಲ.

"ನಿಮ್ಮ ಪ್ರಕಾರ ಇದೇನು ಸರ್?" ಡಾಕ್ಟರ್ ಕೇಳಿದರು. ಕುಹಕವಿರಲಿಲ್ಲ. ಉತ್ತರ ಬೇಕಾದವರ ಹಾಗೆ ಕೇಳಿ, ಸುಮ್ಮನೆ ಕಾದರು.

"ಹುಡುಕಾಕತ್ತೀನಿ. ಕಾರಣ ಸಿಗವಲ್ದು." ನಮ್ಮವರ ಕೈ ಮೇಜಿನ ಅಂಚನ್ನು ಸವರುತ್ತಿತ್ತು. "ಯಾರೂ ಸತ್ತಿಲ್ಲ. ಯಾರೂ ಅವಮಾನ ಮಾಡಿಲ್ಲ. ಗಿರಿಜಾ ಛೊಲೋ ನೋಡ್ಕೋತಾಳ. ಕಾರಣ ಇಲ್ಲದ ದುಃಖ ಇರಂಗಿಲ್ಲ ಅಂತ ನಾನೇ ಪಾಠ ಮಾಡೀನಿ. ನನ್ನ ದುಃಖಕ್ಕ ಕಾರಣಾನೇ ಇಲ್ಲ. ಹಂಗಾದ್ರ ನಾ ಯಾರಿಗೆ ಏನ ಹೇಳೀನಿ ಇಷ್ಟು ವರ್ಷ?"

ಇಷ್ಟು ದಿನ ಆ ಕುರ್ಚಿಯಲ್ಲಿ ಅವರು ಸುಮ್ಮನೆ ಕೂತಿದ್ದಾರೆ ಅಂದುಕೊಂಡಿದ್ದೆವು. ಅವರು ಹುಡುಕುತ್ತಿದ್ದರು. ಬಾಲ್ಯದಿಂದ ಈಚೆಗೆ, ಮತ್ತೆ ಈಚೆಯಿಂದ ಬಾಲ್ಯಕ್ಕೆ, ಬೇರೆಯವರಿಗೆ ಹುಡುಕಿಕೊಟ್ಟದ್ದನ್ನು ತಮಗಾಗಿ ಹುಡುಕಿ ಹುಡುಕಿ ಬರಿಗೈಯಲ್ಲಿ ಮರಳುತ್ತಿದ್ದರು. ಕುಲಕರ್ಣಿ ನನ್ನನ್ನು ಶಂಕಿಸಿದ್ದನ್ನು ಅಲ್ಲೇ ಮಾಫಿ ಮಾಡಿದೆ.

"ಕಾರಣ ನೀವು ಹುಡುಕ್ರಿ ಸರ್, ನಾ ಬ್ಯಾಡನ್ನಂಗಿಲ್ಲ," ಅಂದರು ಡಾಕ್ಟರ್. "ಹುಡುಕಾಕ ನಿದ್ದಿ ಬೇಕು, ಮೈಯಾಗ ಅನ್ನ ಬೇಕು. ಅಷ್ಟು ಕೆಲಸ ನನಗ ಬಿಡ್ರಿ."

"ಹೆಸರು ಬರೀಬ್ಯಾಡ್ರಿ."

"ಮತ್ತ ಏನನ್ನೋಣು?"

"ಭಾರ. ಭಾರ ಆಗೈತಿ ಅನ್ರಿ."

"ಆತ್ರಿ. ಕಂಪ್ಯೂಟರ್‌ಗೆ ಕನ್ನಡ ತಿಳಿಯಂಗಿಲ್ಲ, ಅದಕ್ಕ ಅದರ ಭಾಷಾದಾಗ ಹೇಳ್ತೀನಿ. ನಾವು ನಾವು ಭಾರ ಅನ್ನೋಣು."

ಹೀಗೆ ಇಲ್ಲದ ರೋಗಕ್ಕೆ ಗುಳಿಗೆ ಶುರುವಾಯಿತು. ಪ್ರತಿ ಸಂಜೆ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಒಂದು ಹೇಳಿಕೆ ಕೊಡುವರು: "ಇದನ್ನ ನಾ ಒಪ್ಪಿ ತಗೊಳ್ಳಾಕತ್ತಿಲ್ಲ. ನಿನ್ನ ಸಲುವಾಗಿ." ನಾನು, "ಯಾರ ಸಲುವಾಗಿ ಆದ್ರೂ ಆಗಲಿ, ನೀರು ಕುಡೀರಿ," ಅನ್ನುವೆ. ಮೊದಲ ದಿನಗಳಲ್ಲಿ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮನಸ್ಸಿನಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಹೇಳಿರದಿದ್ದರೆ ನಾನೇ ನಿಲ್ಲಿಸುತ್ತಿದ್ದೆನೇನೋ. ಇಲಿಯಾಸ್ ದಿನಾ ಬೆಳಿಗ್ಗೆ ಕೋಠಿಯಿಂದ ಬಂದು ಅವರನ್ನು ಸ್ಟೇಷನ್ ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ. ಏನು ಮಾತಾಡಿದಿರಿ ಅಂದರೆ, "ಏನಿಲ್ಲ ವೈನಿ, ಬರೀ ನಡದ್ವಿ," ಅನ್ನುವ. ಮಾತೇ ಚಿಕಿತ್ಸೆ ಎಂದು ನಂಬಿದವನು ಅಷ್ಟು ದಿನ ಸುಮ್ಮನೆ ನಡೆದದ್ದು ಸಣ್ಣ ಮಾತಲ್ಲ.

ಒಂದು ದಿನ ಮಧ್ಯಾಹ್ನ ನಮ್ಮವರು, "ಅಕ್ಕ ಎಲ್ಲಿ? ಕಾಣವಲ್ಲಳು?" ಅಂದರು. ಅಕ್ಕ ಊರಿಗೆ ಹೋಗಿ ಬಹಳ ದಿನವಾಗಿತ್ತು. ಹೋಗುವಾಗ ಇವರ ತಲೆ ನೇವರಿಸಿ ಅತ್ತಿದ್ದರು. ಹಾಗಂತ ಹೇಳಿದೆ. "ಮೆಣಸಿನಕಾಯಿ ಸುಟ್ಟದ್ದು ನೆನಪೈತಿ," ಅಂದರು. "ಭಾಳ ಘಾಟ ಇತ್ತು."

ಆಮೇಲೆ ಔಷಧದ ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದ ಅವರ ಕಣ್ಣಿಗೆ ಬಿತ್ತು. ಭೂತಗನ್ನಡಿ ಹಿಡಿದು ಎರಡು ದಿನ ಓದಿದರು. ಅದರಲ್ಲಿ ಬರೆದ ಅಡ್ಡಪರಿಣಾಮಗಳೆಲ್ಲ ತಮಗಿವೆ ಎಂದು ಘೋಷಿಸಿದರು. ನಾನು ಕಸಿದುಕೊಂಡು ನೋಡಿದೆ.

"ರೀ, ಇದು ಬಸುರಿ ಹೆಂಗಸರಿಗೆ ಬರದದ್ದು!"

"ಹಂಗಾರ ಅದೊಂದು ಬಿಡು," ಅಂದರು.

ನಾವಿಬ್ಬರೂ ನಕ್ಕೆವು. ಅವರ ನಗೆ ಸಣ್ಣದು, ತುಕ್ಕು ಹಿಡಿದ ಬಾಗಿಲಿನಷ್ಟು. ಅದೇ ಸಾಕಾಗಿತ್ತು.

ಆದರೆ ಉಣ್ಣತೊಡಗಿ, ಮಲಗತೊಡಗಿದ ಮೇಲೆ ಇನ್ನೊಂದು ದೂರು ಬಂತು. "ಅಳು ಬರವಲ್ದು, ಸಿಟ್ಟು ಬರವಲ್ದು. ಒಳಗ ಸುಣ್ಣ ಬಳದಂಗ ಐತಿ." ನನಗೆ ರೇಗಿತು. ಉಣ್ಣುತ್ತಿದ್ದಾರೆ, ಮಲಗುತ್ತಿದ್ದಾರೆ, ಇನ್ನೇನು ಬೇಕು? ಅವರೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದರು. "ಛೊಲೋ ಆತು ಹೇಳಿದ್ರಿ ಸರ್, ಭಾಳ ಮಂದಿ ಹೇಳಂಗಿಲ್ಲ," ಎಂದು ಡಾಕ್ಟರ್ ಕರೆಸಿ, ಡೋಸ್ ಸ್ವಲ್ಪ ಇಳಿಸಿ, ಏನಾಗುತ್ತದೋ ನೋಡಿ ತಿಳಿಸಿ ಅಂದರು. ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಆಟೋದಲ್ಲಿ ನಮ್ಮವರು, "ಈ ಹುಡುಗಿ ಕೇಳಸ್ಕೊಳ್ತಾಳ," ಅಂದರು. ಒಬ್ಬ ಮನೋವೈದ್ಯರ ಬಗ್ಗೆ ಅವರ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಹೊರಡದು.

ಮತ್ತೆ ಭಾನುವಾರದ ಕೂಟ ಕರೆದರು. ಎಲ್ಲರೂ ಕೂತ ಮೇಲೆ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು ಹೇಳೋದೈತಿ. ನಾ ಗುಳಿಗಿ ತಗೊಳ್ಳಾಕತ್ತೀನಿ. ಸೈಕಿಯಾಟ್ರಿಸ್ಟ್ ಕೊಟ್ಟದ್ದು."

ಯಾರೂ ಚಹಾದ ಕಪ್ ಎತ್ತಲಿಲ್ಲ. ಕುಲಕರ್ಣಿ ಎದ್ದು ನಿಂತರು.

"ಹಂಗಾರ ನೀವು ನಮಗ ಇಷ್ಟು ವರ್ಷ ಹೇಳಿದ್ದೇನ್ರಿ ಸರ್? ಎಲ್ಲಾ ಸುಳ್ಳೇನು?"

"ಸುಳ್ಳಲ್ಲ. ಯಾರನ್ನೂ ಬಲವಂತದಿಂದ ಒಯ್ದು ಒಗೀಬಾರದು ಅಂದೀನಿ, ಈಗೂ ಅಂತೀನಿ. ಮನಷ್ಯಾನ ಕಥಿ ಕೇಳದ ಚೀಟಿ ಬರೀಬಾರದು ಅಂದೀನಿ, ಈಗೂ ಅಂತೀನಿ. ಗುಳಿಗಿಯಿಂದ ಏನೂ ಆಗಂಗಿಲ್ಲ ಅಂತೂ ಅಂದಿದ್ದೆ. ಅದನ್ನ ತಗೊಳ್ಳದ ಅಂದಿದ್ದೆ."

"ರೋಗ ಐತಿ ಅಂತ ಒಪ್ಪಿಕೊಂಡಂಗ ಆತಲ್ಲಾ?"

"ನನಗ ಗೊತ್ತಿಲ್ಲ, ಕುಲಕರ್ಣಿ."

ಆ ಹಾಲ್‌ನಲ್ಲಿ ನಮ್ಮವರು ಗೊತ್ತಿಲ್ಲ ಅಂದದ್ದನ್ನು ಯಾರೂ ಕೇಳಿರಲಿಲ್ಲ. ಕುಲಕರ್ಣಿ ಇದು ದ್ರೋಹ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಹೋದರು. ಇಲಿಯಾಸ್ ನಿಧಾನಕ್ಕೆ ಚಹಾ ಎತ್ತಿಕೊಂಡು, "ಇವರನ್ನ ಒಯ್ದವ ನಾನೇ. ನನಗೂ ಬೈಯೋರು ಬೈರಿ, ಚಹಾ ಆರೋದ್ರೊಳಗ," ಅಂದ. ಬೈದರು. ಮೂರು ತಾಸು ಬೈದರು. ನಮ್ಮವರು ಮಧ್ಯೆ ಮಧ್ಯೆ ಕೈಯೆತ್ತಿ ತಮ್ಮನ್ನು ಬೈಯುವವರಿಗೇ ಇನ್ನೂ ಒಳ್ಳೆಯ ವಾದಗಳನ್ನು ಒದಗಿಸಿದರು.

ಮುಂದಿನ ಭಾನುವಾರ ಕುಲಕರ್ಣಿ ಎಲ್ಲರಿಗಿಂತ ಮೊದಲು ಬಂದರು. ಬಂದವರೇ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ವೈನಿ, ಸರ್‌ಗೆ ಕೊಟ್ಟದ್ದು ಯಾವ ಗುಳಿಗಿ?"

ಹೆಸರು ಹೇಳಿದೆ. ಅವರು ಹಾಲ್‌ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅದನ್ನೇ ನಾನೂ ತಗೋತೀನ್ರಿ. ಕಾರ್ಖಾನ್ಯಾಗ ಇದ್ದಾಗಿಂದ. ಡೋಸ್ ಮಾತ್ರ ನಂದು ಜಾಸ್ತಿ." ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. "ಸರ್‌ಗೆ ಹೇಳಬ್ಯಾಡ್ರಿ. ಬ್ಯಾಸರ ಮಾಡ್ಕೋತಾರ."

ಈಗ ನಮ್ಮವರು ಗುಣವಾಗಿದ್ದಾರೆ ಅನ್ನಲು ನನಗೆ ಧೈರ್ಯವಿಲ್ಲ. ಗುಳಿಗೆ ನಡೆದಿದೆ. ಕೆಲವು ಬೆಳಿಗ್ಗೆ ಮತ್ತೆ ಮಂಕಾಗುತ್ತಾರೆ. ಆಗ ನಾನು ಬಣ್ಣ, ಸರ್ಕಾರ, ಮೈದುನ, ಏನಾದರೂ ಒಂದನ್ನು ಎತ್ತಿ ನೋಡುತ್ತೇನೆ. ವಾದಕ್ಕೆ ಬಂದರೆ ಸಮಾಧಾನ. ಬಾರದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ಆ ಭಾರ ಮರಳಿ ಬರಬಹುದು ಎಂದು ಡಾಕ್ಟರ್ ಮುಚ್ಚಿಡದೆ ಹೇಳಿದ್ದಾರೆ. ಬಂದರೆ ಎಲ್ಲಿಗೆ ಹೋಗಬೇಕೆಂದು ಈಗ ಗೊತ್ತಿದೆ. ಹಲ್ಲಿನ ವಿಭಾಗ ದಾಟಿದ ಮೇಲೆ.

ಕಳೆದ ಸಲ ತೋರಿಸಲು ಹೋದಾಗ ಡಾಕ್ಟರ್ ಅವರನ್ನು ನೋಡಿ ಮುಗಿಸಿ, ನನ್ನ ಕಡೆ ತಿರುಗಿದರು.

"ಅಮ್ಮಾ, ನೀವು ಹೆಂಗ ಅದೀರಿ?"

ಆರಾಮ ಇದ್ದೀನಿ ಅನ್ನಲು ಬಾಯಿ ತೆರೆದೆ. ಇಷ್ಟು ತಿಂಗಳಲ್ಲಿ ಕೂಟದವರು, ಬಂಧುಗಳು, ಓಣಿಯವರು, ಎಲ್ಲರೂ ಸರ್ ಹೇಗಿದ್ದಾರೆ ಎಂದು ನನ್ನನ್ನು ಕೇಳಿದ್ದರು. ನನ್ನನ್ನು ನನ್ನ ಬಗ್ಗೆ ಯಾರೂ ಕೇಳಿರಲಿಲ್ಲ. ಒಮ್ಮೆಲೇ ಅಳು ಬಂತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲದ ಅಳು, ಮೈಯೆಲ್ಲ ಅಲುಗಿತು. ನಾಚಿಕೆಯಾಯಿತು. ಆದರೂ ನಿಲ್ಲಲಿಲ್ಲ.

ರೂಢಿಯಿಂದಲೋ ಏನೋ, ಡಾಕ್ಟರ್ ಕೈ ಪೆನ್ನಿನ ಕಡೆ ಹೋಯಿತು.

"ಡಾಕ್ಟ್ರ, ಪೆನ್ನು ಕೆಳಗಿಡ್ರಿ," ಅಂದರು ನಮ್ಮವರು. ಸಭೆಗಳಲ್ಲಿ ಕೇಳಿಸುತ್ತಿದ್ದ ದನಿ. "ಆಕಿಗೇನೂ ಆಗಿಲ್ಲ. ದಣದಾಳ. ಅಳಲಿ ಬಿಡ್ರಿ."

ಡಾಕ್ಟರ್ ಅವರ ಮುಖ ನೋಡಿದರು. ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು.

ಹೊರಗೆ ಮುಂದಿನ ಟೋಕನ್ ಕೂಗಿದ್ದು ಕೇಳಿಸಿತು. ಯಾರೋ ಬಾಗಿಲು ತಳ್ಳಿದರು. ನಮ್ಮವರು ಎದ್ದು ಹೋಗಿ, "ದೋ ಮಿನಿಟ್, ಭಾಯಿ," ಎಂದು ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

ನಾನು ಸಾಕಾಗುವಷ್ಟು ಅತ್ತೆ.